ಕೃಷಿ ಯಾಂತ್ರೀಕರಣ: ಮಹಿಳೆಯರ ಕೆಲಸಕ್ಕೇ ಹೆಚ್ಚಿನ ಅಪಾಯ ಏಕೆ? ಮುಂಚಿತವಾಗಿ ಕೈಗೊಳ್ಳಬೇಕಾದ ಕ್ರಮಗಳೇನು?

ಕೃಷಿಯಲ್ಲಿ ಯಂತ್ರೋಪಕರಣಗಳ ಬಳಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಸಕಾಲದಲ್ಲಿ ಕೂಲಿಯಾಳುಗಳು ದೊರೆಯದಿರುವುದು, ಕೂಲಿ ದರದ ಏರಿಕೆ ಹಾಗೂ ಮಳೆಯ ಅನಿಶ್ಚಿತತೆಯಿಂದಾಗಿ ಬಿತ್ತನೆ, ನಾಟಿ ಮತ್ತು ಕೊಯ್ಲುಗಳನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕಾದ ಒತ್ತಡ ಇದಕ್ಕೆ ಮುಖ್ಯ ಕಾರಣಗಳು. ಹೊಸ ಯಂತ್ರವೊಂದು ಊರಿಗೆ ಬಂದಾಗ ಎಕರೆಗೆ ಎಷ್ಟು ಖರ್ಚು ಉಳಿಯಿತು, ಎಷ್ಟು ದಿನ ಉಳಿಯಿತು ಎಂಬ ಲೆಕ್ಕವನ್ನು ನಾವು ಹಾಕುತ್ತೇವೆ. ಆದರೆ ಆ ಯಂತ್ರವು ಯಾರು ಮಾಡುತ್ತಿದ್ದ ಕೆಲಸವನ್ನು ವಹಿಸಿಕೊಂಡಿತು, ಅದರಿಂದ ಹೊಸದಾಗಿ ಹುಟ್ಟಿದ ಕೆಲಸ ಯಾರ ಕೈಗೆ ಹೋಯಿತು ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಈ ಎರಡನೆಯ ಲೆಕ್ಕವನ್ನು ಹಾಕಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಯಂತ್ರದಿಂದ ಕಡಿಮೆಯಾಗುವ ಕೆಲಸದ ಬಹುಪಾಲು ಮಹಿಳೆಯರದು; ಯಂತ್ರದೊಂದಿಗೆ ಬರುವ ಕೆಲಸದ ಬಹುಪಾಲು ಪುರುಷರಿಗೆ ಸೇರುತ್ತದೆ. ಇದು ಯಂತ್ರದ ದೋಷವಲ್ಲ, ದೈಹಿಕ ಶಕ್ತಿಯ ಪ್ರಶ್ನೆಯೂ ಮುಖ್ಯವಲ್ಲ. ಕೆಲಸದ ಹಂಚಿಕೆ, ಜಮೀನಿನ ದಾಖಲೆ, ತರಬೇತಿ ಮತ್ತು ಪರವಾನಗಿಗಳು ಇದನ್ನು ನಿರ್ಧರಿಸುತ್ತವೆ. ಆದ್ದರಿಂದ ಇದನ್ನು ಸರಿಪಡಿಸಲು ಸಾಧ್ಯವಿದೆ. ಆದರೆ ಯಂತ್ರ ಊರಿಗೆ ಬರುವ ಮೊದಲೇ ಆ ಪ್ರಯತ್ನ ಆರಂಭವಾಗಬೇಕು.

ಕೃಷಿಗೆ ಮಾತ್ರ ಸೀಮಿತವಲ್ಲದ ಸಮಸ್ಯೆ

ಯಾಂತ್ರೀಕರಣ ಮತ್ತು ಗಣಕೀಕರಣದಿಂದ ಉದ್ಯೋಗಕ್ಕೆ ಒದಗುವ ಅಪಾಯ ಸ್ತ್ರೀ ಪುರುಷರಿಗೆ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 30 ದೇಶಗಳ ಉದ್ಯೋಗಗಳನ್ನು ಪರಿಶೀಲಿಸಿತು. ಇವುಗಳಲ್ಲಿ ಹೆಚ್ಚಿನವು ಮುಂದುವರಿದ ದೇಶಗಳು. ಯಂತ್ರಗಳ ಪಾಲಾಗುವ ಸಾಧ್ಯತೆ ಶೇ. 70 ಅಥವಾ ಅದಕ್ಕಿಂತ ಹೆಚ್ಚಿರುವ ಉದ್ಯೋಗಗಳಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ಶೇ. 11 ಇದ್ದರೆ, ಪುರುಷರ ಪ್ರಮಾಣ ಶೇ. 9 ಇತ್ತು. ಮಹಿಳೆಯರು ಮಾಡುವ ಕೆಲಸಗಳಲ್ಲಿ ಒಂದೇ ಬಗೆಯ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವ ಭಾಗ ಹೆಚ್ಚಾಗಿರುವುದೇ ಈ ಅಂತರಕ್ಕೆ ಮುಖ್ಯ ಕಾರಣವೆಂದು ಅಧ್ಯಯನ ತಿಳಿಸಿತು.

ಆ ಅಧ್ಯಯನದ ಉದ್ಯೋಗಗಳು ಹೆಚ್ಚಾಗಿ ಕೃಷಿಯ ಹೊರಗಿನವು. ಆದರೆ ಅದೇ ಕಾರಣ ನಮ್ಮ ಹೊಲಗದ್ದೆಗಳಿಗೂ ಅನ್ವಯಿಸುತ್ತದೆ. ಸಸಿ ನೆಡುವುದು, ಕಳೆ ಕೀಳುವುದು, ತೆನೆ ಕೊಯ್ಯುವುದು, ಕಾಯಿ ಬಿಡಿಸುವುದು ಇವೆಲ್ಲ ದಿನವಿಡೀ ಒಂದೇ ಬಗೆಯಲ್ಲಿ ಮಾಡುವ ಕೆಲಸಗಳು. ನಮ್ಮ ದೇಶದಲ್ಲಿ ಕೃಷಿಯನ್ನು ಅವಲಂಬಿಸಿರುವ ಮಹಿಳೆಯರ ಪ್ರಮಾಣವೂ ಹೆಚ್ಚು. ಕೇಂದ್ರ ಸರ್ಕಾರದ 2023-24ರ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ದುಡಿಯುವ ಮಹಿಳೆಯರಲ್ಲಿ ಶೇ. 76.9 ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ದುಡಿಯುವ ಪುರುಷರಲ್ಲಿ ಈ ಪ್ರಮಾಣ ಶೇ. 49.4. ಪುರುಷರು ಕಟ್ಟಡ ಕೆಲಸ, ಸಾರಿಗೆ, ವ್ಯಾಪಾರಗಳತ್ತ ಸಾಗಿದ್ದಾರೆ, ಮಹಿಳೆಯರು ಹೊಲದಲ್ಲಿಯೇ ಉಳಿದಿದ್ದಾರೆ. ಹೊಲದ ಕೆಲಸ ಕಡಿಮೆಯಾದರೆ ಅವರಿಗೆ ಬೇರೆ ದಾರಿಗಳು ಕಡಿಮೆ.

ಹೊಲದಲ್ಲಿ ಕೆಲಸದ ಹಂಚಿಕೆ

ನಮ್ಮ ರಾಜ್ಯದ ಬಹುತೇಕ ಭಾಗಗಳಲ್ಲಿ ರೂಢಿಯಲ್ಲಿರುವ ಹಂಚಿಕೆಯನ್ನು ಗಮನಿಸಿರಿ.

• ಉಳುಮೆ ಮತ್ತು ಭೂಮಿ ಸಿದ್ಧತೆ: ಎತ್ತುಗಳಿಂದ ಪುರುಷರು ಮಾಡುತ್ತಿದ್ದರು. ಈಗ ಟ್ರ್ಯಾಕ್ಟರ್, ಪವರ್ ಟಿಲ್ಲರ್ ಮತ್ತು ರೋಟವೇಟರ್ ಮಾಡುತ್ತವೆ. ಚಾಲಕರು ಪುರುಷರೇ.

• ಬಿತ್ತನೆ: ಎತ್ತು ಹೊಡೆಯುವುದು ಪುರುಷರ ಕೆಲಸ, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವುದು ಮಹಿಳೆಯರ ಕೆಲಸ. ಟ್ರ್ಯಾಕ್ಟರ್ ಚಾಲಿತ ಕೂರಿಗೆ ಬಂದಾಗ ಎತ್ತು ಹೊಡೆಯುತ್ತಿದ್ದವರು ಚಾಲಕರಾದರು, ಬೀಜ ಬಿಡುವ ಕೆಲಸ ಯಂತ್ರಕ್ಕೆ ಸೇರಿತು.

• ಭತ್ತದ ನಾಟಿ: ಸಸಿ ಕಿತ್ತು ನೆಡುವವರು ಬಹುಪಾಲು ಮಹಿಳೆಯರು. ನಾಟಿ ಯಂತ್ರ ನಡೆಸುವವರು ಬಹುಪಾಲು ಪುರುಷರು. ನೇರ ಬಿತ್ತನೆ ಮಾಡಿದಲ್ಲಿ ನಾಟಿಯ ಕೆಲಸವೇ ಇರುವುದಿಲ್ಲ.

• ಕಳೆ ನಿರ್ವಹಣೆ: ಎಡೆಕುಂಟೆ ಹೊಡೆಯುವುದು ಪುರುಷರ ಕೆಲಸ, ಸಾಲಿನೊಳಗಿನ ಕಳೆಯನ್ನು ಕೈಯಿಂದ ಅಥವಾ ಕುರ್ಚಿಗೆಯಿಂದ ತೆಗೆಯುವುದು ಮಹಿಳೆಯರ ಕೆಲಸ. ಕಳೆನಾಶಕ ಸಿಂಪಡಿಸುವವರು ಪುರುಷರು.

• ಸಿಂಪರಣೆ: ಪಂಪು ಹೊರುವವರು ಪುರುಷರು, ನೀರು ತಂದು ಕೊಡುವವರು ಮಹಿಳೆಯರು. ಡ್ರೋನ್ ಬಳಸಿದಾಗ ಇಬ್ಬರ ಕೆಲಸವೂ ಕಡಿಮೆಯಾಗುತ್ತದೆ.

• ಕೊಯ್ಲು ಮತ್ತು ಒಕ್ಕಣೆ: ಕುಡುಗೋಲಿನ ಕೊಯ್ಲಿನಲ್ಲಿ ಇಬ್ಬರೂ ಇರುತ್ತಾರೆ. ತೂರುವುದು ಮತ್ತು ಕೇರುವುದು ಮಹಿಳೆಯರದು. ಕಂಬೈನ್ ಹಾರ್ವೆಸ್ಟರ್ ಎಂದು ಕರೆಯುವ ಸಂಯುಕ್ತ ಕಟಾವು ಯಂತ್ರ ಈ ಎಲ್ಲ ಕೆಲಸಗಳನ್ನು ಒಮ್ಮೆಗೇ ಮುಗಿಸುತ್ತದೆ.

• ತೊಗರಿಯ ಕುಡಿ ಚಿವುಟುವುದು, ಶೇಂಗಾ ಬಿಡಿಸುವುದು, ಮುಸುಕಿನ ಜೋಳದ ಕಾಳು ಬಿಡಿಸುವುದು: ಹೆಚ್ಚಾಗಿ ಮಹಿಳೆಯರ ಕೆಲಸಗಳು. ಮೂರಕ್ಕೂ ಈಗ ಯಂತ್ರಗಳಿವೆ.

• ಹತ್ತಿ ಬಿಡಿಸುವುದು: ಇಂದಿಗೂ ಕೈಕೆಲಸವಾಗಿಯೇ ಉಳಿದಿದೆ, ಬಹುಪಾಲು ಮಹಿಳೆಯರು ಮಾಡುತ್ತಾರೆ. ಒತ್ತು ಬಿತ್ತನೆ ಮತ್ತು ಏಕಕಾಲದಲ್ಲಿ ಕಾಯಿ ಒಡೆಯುವ ತಳಿಗಳು ಹರಡಿದಂತೆ ಇಲ್ಲಿಯೂ ಯಂತ್ರ ಬರುವ ಸಾಧ್ಯತೆ ಇದೆ.

ಮುಂದಿನ ಸರದಿ ಯಾವ ಕೆಲಸದ್ದು?

ದೇಶದ ಕೃಷಿ ಯಾಂತ್ರೀಕರಣದ ಒಟ್ಟು ಪ್ರಮಾಣ ಸುಮಾರು ಶೇ. 47 ಎಂದು ಅಂದಾಜಿಸಲಾಗಿದೆ. ಕೆಲಸವಾರು ನೋಡಿದರೆ ಭೂಮಿ ಸಿದ್ಧತೆಯಲ್ಲಿ ಸುಮಾರು ಶೇ. 70, ಬಿತ್ತನೆ ಮತ್ತು ನಾಟಿಯಲ್ಲಿ ಶೇ. 40, ಕಳೆ ತೆಗೆಯುವಿಕೆ ಮತ್ತು ಅಂತರ ಬೇಸಾಯದಲ್ಲಿ ಶೇ. 32, ಕೊಯ್ಲು ಮತ್ತು ಒಕ್ಕಣೆಯಲ್ಲಿ ಶೇ. 34 ರಷ್ಟು ಯಾಂತ್ರೀಕರಣವಾಗಿದೆ.

ಈ ಅಂಕಿಗಳನ್ನು ಮೇಲಿನ ಪಟ್ಟಿಯೊಂದಿಗೆ ಹೋಲಿಸಿರಿ. ಪುರುಷರ ಕೆಲಸವಾಗಿದ್ದ ಉಳುಮೆ ಬಹುಮಟ್ಟಿಗೆ ಯಂತ್ರಕ್ಕೆ ಸೇರಿಯಾಗಿದೆ. ಆ ಬದಲಾವಣೆಯ ಕಾಲದಲ್ಲಿ ಅನೇಕ ಪುರುಷರು ಚಾಲಕರಾದರು, ದುರಸ್ತಿಗಾರರಾದರು, ಬಾಡಿಗೆ ಯಂತ್ರಗಳ ಮಾಲೀಕರಾದರು, ಪಟ್ಟಣದ ಕೆಲಸಗಳಿಗೆ ಹೋದರು. ಯಂತ್ರಕ್ಕೆ ಇನ್ನೂ ಪೂರ್ಣವಾಗಿ ಸೇರದೆ ಉಳಿದಿರುವುದು ನಾಟಿ, ಕಳೆ ಮತ್ತು ಕೊಯ್ಲು. ಇವುಗಳಲ್ಲಿ ಮಹಿಳೆಯರ ಪಾಲು ದೊಡ್ಡದು. ಮುಂದಿನ ವರ್ಷಗಳಲ್ಲಿ ಯಾಂತ್ರೀಕರಣ ಹೆಚ್ಚುವುದು ಈ ಕೆಲಸಗಳಲ್ಲಿಯೇ.

ಹಿಂದಿನ ಅನುಭವ

ಇದು ನಮಗೆ ಹೊಸದಲ್ಲ. ಒರಳು ಒನಕೆಯಲ್ಲಿ ಭತ್ತ ಕುಟ್ಟುವ ಕೆಲಸ ಮಹಿಳೆಯರದಾಗಿತ್ತು. ಅಕ್ಕಿ ಗಿರಣಿಗಳು ಬಂದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಪ್ರತಿದಿನದ ಕಠಿಣ ಶ್ರಮ ತಪ್ಪಿತು, ಅದು ಒಳ್ಳೆಯದೇ. ಆದರೆ ಕೂಲಿಗಾಗಿ ಭತ್ತ ಕುಟ್ಟಿ ಜೀವನ ಸಾಗಿಸುತ್ತಿದ್ದ ಬಡ ಮಹಿಳೆಯರ ಆದಾಯವೂ ಅದರೊಂದಿಗೇ ಹೋಯಿತು. ಗಿರಣಿಯನ್ನು ನಡೆಸುವ ಕೆಲಸ ಪುರುಷರದಾಯಿತು. ಕೈಯಲ್ಲಿದ್ದಾಗ ಮಹಿಳೆಯರದಾಗಿದ್ದ ಕೆಲಸ ಯಂತ್ರಕ್ಕೆ ಬಂದೊಡನೆ ಪುರುಷರದಾಗುವುದಕ್ಕೆ ಇದು ಉತ್ತಮ ಉದಾಹರಣೆ.

ಇತ್ತೀಚಿನ ಅಧ್ಯಯನವೂ ಇದನ್ನು ದೃಢಪಡಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಫರ್ಜಾನಾ ಅಫ್ರಿದಿ, ಮೊನಿಶಂಕರ್ ಬಿಷ್ಣು ಮತ್ತು ಕನಿಕಾ ಮಹಾಜನ್ ಅವರು ಭಾರತದ ಜಿಲ್ಲೆಗಳ ಅಂಕಿ ಅಂಶಗಳನ್ನು ಪರಿಶೀಲಿಸಿ, 1999 ರಿಂದ 2011ರ ಅವಧಿಯಲ್ಲಿ ಉಳುಮೆಯ ಯಾಂತ್ರೀಕರಣ ಶೇಕಡಾ 32 ಅಂಶಗಳಷ್ಟು ಹೆಚ್ಚಿದ್ದರಿಂದ ಕೃಷಿಯಲ್ಲಿ ಮಹಿಳೆಯರ ದುಡಿಮೆ ಶೇ. 22ಕ್ಕಿಂತ ಹೆಚ್ಚು ಕುಸಿಯಿತೆಂದು ತೋರಿಸಿದ್ದಾರೆ. ಉಳುಮೆ ಪುರುಷರ ಕೆಲಸವಾಗಿರುವಾಗ ಮಹಿಳೆಯರ ದುಡಿಮೆ ಏಕೆ ಕುಸಿಯಬೇಕು ಎಂಬ ಪ್ರಶ್ನೆ ಸಹಜ. ಯಂತ್ರದಿಂದ ಮಣ್ಣು ಚೆನ್ನಾಗಿ ತಿರುವಿದಾಗ ಕಳೆ ಕಡಿಮೆಯಾಗುತ್ತದೆ. ಕಳೆ ಕಡಿಮೆಯಾದಾಗ ಕಳೆ ತೆಗೆಯುವವರ ಕೆಲಸ ಕಡಿಮೆಯಾಗುತ್ತದೆ. ಹೀಗೆ ಕೆಲಸ ಕಳೆದುಕೊಂಡ ಮಹಿಳೆಯರಿಗೆ ಕೃಷಿಯ ಹೊರಗೆ ಬೇರೆ ಉದ್ಯೋಗ ಹೆಚ್ಚಾಗಲಿಲ್ಲ ಎಂಬುದು ಈ ಅಧ್ಯಯನದ ಮತ್ತೊಂದು ಮುಖ್ಯ ಫಲಿತಾಂಶ. ಒಂದು ಯಂತ್ರದ ಪರಿಣಾಮ ಅದು ಮಾಡುವ ಕೆಲಸಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ಗಮನದಲ್ಲಿಡಬೇಕು.

ಒಂದು ಊರಿನ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಉದಾಹರಣೆಗಾಗಿ ಒಂದು ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ನಿಮ್ಮ ಊರಿನ ಎಕರೆ, ಕೂಲಿ ದರ ಮತ್ತು ಆಳುಗಳ ಸಂಖ್ಯೆಯನ್ನು ಹಾಕಿ ನೀವೇ ಇದನ್ನು ಮಾಡಿ ನೋಡಬಹುದು.

ಊರಿನಲ್ಲಿ 100 ಎಕರೆ ಭತ್ತದ ಗದ್ದೆ ಇದೆ ಎಂದಿಟ್ಟುಕೊಳ್ಳಿ. ಸಸಿ ಕೀಳಲು ಮತ್ತು ನೆಡಲು ಎಕರೆಗೆ 10 ಆಳು ಬೇಕೆಂದರೆ ಒಟ್ಟು 1,000 ಆಳಿನ ಕೆಲಸ. ನಲವತ್ತು ಮಹಿಳೆಯರ ತಂಡವಿದ್ದರೆ ಪ್ರತಿಯೊಬ್ಬರಿಗೂ ಒಂದು ಹಂಗಾಮಿನಲ್ಲಿ 25 ದಿನಗಳ ಕೆಲಸ ದೊರೆಯುತ್ತದೆ. ದಿನಗೂಲಿ 350 ರೂಪಾಯಿ ಎಂದು ಹಿಡಿದರೆ 3,50,000 ರೂಪಾಯಿ ಆ ಮನೆಗಳಿಗೆ ಸೇರುತ್ತದೆ.

ಈಗ ನಾಟಿ ಯಂತ್ರ ಬಂದಿತೆನ್ನಿ. ದಿನಕ್ಕೆ 2 ಎಕರೆಯಂತೆ 50 ಯಂತ್ರ ದಿನಗಳು ಬೇಕು. ಪ್ರತಿ ದಿನ ಒಬ್ಬ ಚಾಲಕ ಮತ್ತು ಸಸಿ ಚಾಪೆ ಒದಗಿಸುವ ಇಬ್ಬರು ಸಹಾಯಕರೆಂದರೆ 150 ಆಳಿನ ಕೆಲಸ. ಚಾಪೆ ಸಸಿಮಡಿ ತಯಾರಿಸಲು ಎಕರೆಗೆ 2 ಆಳಿನಂತೆ 200, ಯಂತ್ರ ಬಿಟ್ಟ ಕಡೆಗಳಲ್ಲಿ ಸಸಿ ತುಂಬಲು ಎಕರೆಗೆ ಒಂದು ಆಳಿನಂತೆ 100. ಒಟ್ಟು 450 ಆಳಿನ ಕೆಲಸ.

ಇಲ್ಲಿಂದ ಮುಂದೆ ಎರಡು ಸಾಧ್ಯತೆಗಳಿವೆ. ಚಾಲಕ, ಸಹಾಯಕ ಮತ್ತು ಸಸಿಮಡಿಯ ಕೆಲಸಗಳು ಹೊರಗಿನವರಿಗೆ ಹೋದರೆ ಊರಿನ ಮಹಿಳೆಯರಿಗೆ ಉಳಿಯುವುದು ಸಸಿ ತುಂಬುವ 100 ಆಳಿನ ಕೆಲಸ, ಅಂದರೆ 35,000 ರೂಪಾಯಿ. ಈ ಎಲ್ಲ ಕೆಲಸಗಳನ್ನೂ ಮಹಿಳೆಯರ ಗುಂಪೇ ವಹಿಸಿಕೊಂಡರೆ 450 ಆಳಿನ ಕೆಲಸ ಉಳಿಯುತ್ತದೆ, ಅದೇ ದರದಲ್ಲಿ 1,57,500 ರೂಪಾಯಿ. ಚಾಲಕರ ಕೂಲಿ ಸಾಮಾನ್ಯ ಕೂಲಿಗಿಂತ ಹೆಚ್ಚಿರುವುದರಿಂದ ಈ ಮೊತ್ತ ಇನ್ನಷ್ಟು ಹೆಚ್ಚಾಗಬಹುದು. ಎರಡೂ ಸಂದರ್ಭಗಳಲ್ಲಿ ಯಂತ್ರ ಒಂದೇ, ಗದ್ದೆ ಒಂದೇ, ರೈತನಿಗೆ ಉಳಿಯುವ ಸಮಯವೂ ಒಂದೇ. ವ್ಯತ್ಯಾಸವಿರುವುದು ಕೆಲಸದ ಹಂಚಿಕೆಯಲ್ಲಿ ಮಾತ್ರ.

ಎಲ್ಲ ಕೆಲಸ ಮಹಿಳೆಯರಿಗೆ ದೊರೆತರೂ 550 ಆಳಿನ ಕೆಲಸ ಕಡಿಮೆಯಾಗುವುದು ನಿಜ. ಇದನ್ನು ಮುಚ್ಚಿಡಬಾರದು. ಆದ್ದರಿಂದಲೇ ಯಂತ್ರದ ಜೊತೆಗೆ ಇತರ ಆದಾಯದ ಮಾರ್ಗಗಳನ್ನೂ ಯೋಜಿಸಬೇಕಾಗುತ್ತದೆ.

ಲೆಕ್ಕಕ್ಕೆ ಬಾರದ ನಷ್ಟಗಳು

ಕೂಲಿಯ ಹೊರತಾಗಿಯೂ ಹೊಲದಿಂದ ಮಹಿಳೆಯರಿಗೆ ದೊರೆಯುವ ಕೆಲವು ಸೌಲಭ್ಯಗಳಿವೆ. ಕಳೆ ತೆಗೆಯುವಾಗ ದೊರೆಯುವ ಹುಲ್ಲು ಮನೆಯ ಹಸು, ಎಮ್ಮೆ, ಆಡುಗಳಿಗೆ ಮೇವಾಗುತ್ತದೆ. ಹೊಲದಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪು ಮನೆಯ ಸಾರಿಗೆ ಒದಗುತ್ತದೆ. ಕಳೆನಾಶಕ ಬಳಸಿದ ಹೊಲದಲ್ಲಿ ಇವೆರಡೂ ದೊರೆಯುವುದಿಲ್ಲ. ಕೊಯ್ಲಿನ ನಂತರ ಹಕ್ಕಲು ಆಯ್ದು ಒಂದಿಷ್ಟು ಕಾಳು ಕೂಡಿಸುವ ಭೂರಹಿತ ಮಹಿಳೆಯರಿದ್ದಾರೆ. ಸಂಯುಕ್ತ ಕಟಾವು ಯಂತ್ರ ಓಡಿದ ಗದ್ದೆಯಲ್ಲಿ ಹಕ್ಕಲು ಆಯುವುದು ಕಷ್ಟ, ಹುಲ್ಲು ಚದುರಿ ಹೋಗುವುದರಿಂದ ಮೇವಿಗೂ ಕೊರತೆಯಾಗುತ್ತದೆ. ಹಸು ಸಾಕಿ ಡೇರಿಗೆ ಹಾಲು ಹಾಕುವ ಕುಟುಂಬಗಳಿಗೆ ಇದು ನೇರ ನಷ್ಟ. ಕಟಾವು ಯಂತ್ರ ಬಳಸುವ ರೈತರು ಹುಲ್ಲನ್ನು ಸುಡದೆ, ಹುಲ್ಲು ಕಟ್ಟುವ ಬೇಲರ್ ಯಂತ್ರವನ್ನು ಬಾಡಿಗೆಗೆ ಪಡೆದು ಸಂಗ್ರಹಿಸಿದರೆ ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತಪ್ಪಿಸಬಹುದು.

ಶ್ರಮ ಕಡಿಮೆಯಾಗುವುದು ಒಳ್ಳೆಯದಲ್ಲವೇ?

ಖಂಡಿತವಾಗಿಯೂ ಒಳ್ಳೆಯದು. ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವುದರಿಂದ ಸೊಂಟ, ಮಂಡಿ ಮತ್ತು ಕುತ್ತಿಗೆಯ ನೋವು ಬರುತ್ತದೆ, ಕಾಲ್ಬೆರಳುಗಳ ಸಂದಿ ಕೊಳೆಯುತ್ತದೆ. ಈ ಕೆಲಸ ಹೀಗೆಯೇ ಉಳಿಯಲೆಂದು ಯಾವ ಮಹಿಳೆಯೂ ಬಯಸುವುದಿಲ್ಲ. ಆದರೆ ಯಂತ್ರದ ಪರಿಣಾಮ ಎಲ್ಲ ಮಹಿಳೆಯರಿಗೂ ಒಂದೇ ರೀತಿಯದಲ್ಲ.

ಸ್ವಂತ ಜಮೀನಿನಲ್ಲಿ ದುಡಿಯುವ ಮಹಿಳೆಗೆ ಯಂತ್ರದಿಂದ ಶ್ರಮ ಕಡಿಮೆಯಾಗುತ್ತದೆ, ಆದಾಯ ಕಡಿಮೆಯಾಗುವುದಿಲ್ಲ. ಕೂಲಿಗೆ ಹೋಗುವ ಮಹಿಳೆಗೆ ಶ್ರಮವೂ ಕಡಿಮೆಯಾಗುತ್ತದೆ, ಕೂಲಿಯೂ ಇಲ್ಲವಾಗುತ್ತದೆ. ಒಂದೂವರೆ ಎರಡು ಎಕರೆ ಇಟ್ಟುಕೊಂಡು, ತನ್ನ ಗದ್ದೆಯ ಕೆಲಸ ಮುಗಿದ ಮೇಲೆ ಕೂಲಿಗೂ ಹೋಗುವ, ಮುಯ್ಯಾಳು ಪದ್ಧತಿಯಲ್ಲಿ ದುಡಿಯುವ ಮಹಿಳೆ ಈ ಎರಡೂ ಪರಿಣಾಮಗಳನ್ನು ಅನುಭವಿಸುತ್ತಾಳೆ. ಆದ್ದರಿಂದ ಯಂತ್ರದಿಂದ ಮಹಿಳೆಯರಿಗೆ ಲಾಭವಾಯಿತು ಎಂದಾಗಲಿ, ನಷ್ಟವಾಯಿತು ಎಂದಾಗಲಿ ಒಟ್ಟಾಗಿ ಹೇಳುವ ಮೊದಲು ಯಾವ ಮಹಿಳೆಯರಿಗೆ ಎಂದು ಕೇಳಬೇಕು.

ಹೊಸ ಕೆಲಸ ಮಹಿಳೆಯರಿಗೆ ಏಕೆ ದೊರೆಯುತ್ತಿಲ್ಲ?

1. ಜಮೀನಿನ ದಾಖಲೆ: ಯಂತ್ರೋಪಕರಣಗಳ ಸಹಾಯಧನಕ್ಕೆ ಅರ್ಜಿ ಸಲ್ಲಿಸಲು ಪಹಣಿ ಮತ್ತು ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಬೇಕು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿರುವುದು ಸುಮಾರು ಶೇ. 14 ಮಾತ್ರ. ಹೊಲದಲ್ಲಿ ದುಡಿದರೂ ದಾಖಲೆಯಲ್ಲಿ ಹೆಸರಿಲ್ಲದ ಮಹಿಳೆ ಸಹಾಯಧನದ ಪಟ್ಟಿಗೆ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ, ದೇಶದಾದ್ಯಂತ 2005ರಲ್ಲಿಯೂ ಜಾರಿಗೆ ಬಂದಿದೆ. ಆದರೂ ಪಹಣಿಯಲ್ಲಿ ಅವರ ಹೆಸರು ಸೇರುವುದು ವಿರಳ.

2. ಯಂತ್ರದ ವಿನ್ಯಾಸ: ಹೆಚ್ಚಿನ ಯಂತ್ರಗಳನ್ನು ಪುರುಷರ ದೇಹದ ಅಳತೆಗೆ ಹೊಂದುವಂತೆ ರೂಪಿಸಲಾಗಿದೆ. ನಮ್ಮ ದೇಶದ ಕೃಷಿಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಪುರುಷರದು ಸುಮಾರು 163 ಸೆಂ.ಮೀ. ಹಿಡಿಕೆಯ ಎತ್ತರ, ಹಿಡಿತದ ದಪ್ಪ, ಕ್ಲಚ್ಚಿನ ಬಿಗಿತ, ಎಂಜಿನ್ ಚಾಲೂ ಮಾಡಲು ಹಗ್ಗ ಎಳೆಯುವ ಬಲ ಇವೆಲ್ಲ ಅಡ್ಡಿಯಾಗುತ್ತವೆ. ಹಿಡಿಕೆ ಹೊಂದಿಸಬಹುದಾದ ಮತ್ತು ಗುಂಡಿಯೊತ್ತಿ ಚಾಲೂ ಮಾಡಬಹುದಾದ ಯಂತ್ರಗಳು ದೊರೆತರೆ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

3. ತರಬೇತಿ ಮತ್ತು ಪರವಾನಗಿ: ಟ್ರ್ಯಾಕ್ಟರನ್ನು ರಸ್ತೆಯಲ್ಲಿ ಓಡಿಸಲು ಚಾಲನಾ ಪರವಾನಗಿ ಬೇಕು. ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು, ಅದಕ್ಕೆ ಹತ್ತನೆಯ ತರಗತಿ ಉತ್ತೀರ್ಣರಾಗಿರಬೇಕು. ಇಂದು ನಾಟಿ ಮತ್ತು ಕಳೆ ಕೆಲಸದಲ್ಲಿರುವ ಮಧ್ಯವಯಸ್ಸಿನ ಮಹಿಳೆಯರಲ್ಲಿ ಅನೇಕರು ಆ ಹಂತದವರೆಗೆ ಓದಿಲ್ಲ. ಆದ್ದರಿಂದ ಕೆಲಸ ಕಳೆದುಕೊಳ್ಳುವವರು ಒಬ್ಬರು, ಹೊಸ ಕೆಲಸ ಪಡೆಯುವವರು ಇನ್ನೊಬ್ಬರು ಆಗುತ್ತಾರೆ. ಅವರಿಬ್ಬರೂ ಮಹಿಳೆಯರೇ ಆಗಿದ್ದರೂ ಈ ಅಂತರ ಉಳಿಯುತ್ತದೆ.

4. ಸಮಯ ಮತ್ತು ಸಂಚಾರ: ಅಡುಗೆ, ಮಕ್ಕಳು, ದನಕರುಗಳ ಜವಾಬ್ದಾರಿಯಿಂದಾಗಿ ದೂರದ ಊರಿನಲ್ಲಿ ಹಲವು ದಿನ ತಂಗಿ ತರಬೇತಿ ಪಡೆಯುವುದು ಮಹಿಳೆಯರಿಗೆ ಕಷ್ಟ. ಬಾಡಿಗೆ ಯಂತ್ರ ಊರಿಂದೂರಿಗೆ ರಾತ್ರಿ ಹೊತ್ತು ಸಾಗುವುದೂ ಒಂದು ಅಡ್ಡಿ.

ರೈತ ಬಾಂಧವರು ಏನು ಮಾಡಬಹುದು?

• ಯಂತ್ರ ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಮೊದಲು ಮನೆಯ ಮಹಿಳೆಯರೊಂದಿಗೆ ಕುಳಿತು ಚರ್ಚಿಸಿರಿ. ಯಾವ ಕೆಲಸದಲ್ಲಿ ಶ್ರಮ ಹೆಚ್ಚು, ಯಾವ ಯಂತ್ರ ಮೊದಲು ಬೇಕು ಎಂಬುದು ಆ ಕೆಲಸ ಮಾಡುವವರಿಗೆ ಚೆನ್ನಾಗಿ ತಿಳಿದಿರುತ್ತದೆ.

• ಪ್ರತಿವರ್ಷ ನಿಮ್ಮ ಹೊಲಕ್ಕೆ ಬರುವ ಮಹಿಳಾ ತಂಡಕ್ಕೆ ಹಂಗಾಮಿಗೆ ಮೊದಲೇ ವಿಷಯ ತಿಳಿಸಿರಿ. ಸಸಿಮಡಿ, ಚಾಪೆ ಒದಗಿಸುವುದು, ಸಸಿ ತುಂಬುವುದು ಈ ಕೆಲಸಗಳನ್ನು ಅದೇ ತಂಡಕ್ಕೆ ಗುತ್ತಿಗೆಗೆ ಕೊಡಿರಿ.

• ಒಂದೇ ಕೆಲಸಕ್ಕೆ ಸ್ತ್ರೀ ಪುರುಷರಿಗೆ ಒಂದೇ ಕೂಲಿ ನೀಡಿರಿ. 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ಕಾನೂನು ಇದನ್ನೇ ಹೇಳುತ್ತದೆ.

• ಪೌತಿ ಖಾತೆ ಬದಲಾವಣೆ ಅಥವಾ ವಿಭಾಗದ ಸಂದರ್ಭದಲ್ಲಿ ಪತ್ನಿ, ತಾಯಿ ಮತ್ತು ಹೆಣ್ಣುಮಕ್ಕಳ ಹೆಸರನ್ನು ಪಹಣಿಯಲ್ಲಿ ಸೇರಿಸಿರಿ. ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಕೇಂದ್ರ ಮಾರ್ಗಸೂಚಿಯಲ್ಲಿ ಮಹಿಳೆಯರಿಗೆ ಅನೇಕ ಯಂತ್ರಗಳಿಗೆ ಶೇ. 50 ರಷ್ಟು, ಇತರ ಸಾಮಾನ್ಯ ರೈತರಿಗೆ ಶೇ. 40 ರಷ್ಟು ಸಹಾಯಧನವನ್ನು ನಿಗದಿಪಡಿಸಲಾಗಿದೆ. ರಾಜ್ಯದಲ್ಲಿ ಆಯಾ ವರ್ಷ ಜಾರಿಯಲ್ಲಿರುವ ದರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯಿರಿ.

• ದೊಡ್ಡ ಯಂತ್ರವೊಂದೇ ಪರಿಹಾರವಲ್ಲ. ಕೋನೋ ವೀಡರ್, ಸೈಕಲ್ ಎಡೆಕುಂಟೆ, ಹಲ್ಲಿರುವ ಸುಧಾರಿತ ಕುಡುಗೋಲು, ಕುಳಿತು ಶೇಂಗಾ ಬಿಡಿಸುವ ಸಾಧನ, ಮುಸುಕಿನ ಜೋಳ ಬಿಡಿಸುವ ಕೊಳವೆ ಮೊದಲಾದವು ಶ್ರಮವನ್ನು ಇಳಿಸುತ್ತವೆ, ಕೆಲಸವನ್ನು ಕಸಿಯುವುದಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಮತ್ತು ಭುವನೇಶ್ವರದ ಕೇಂದ್ರೀಯ ಕೃಷಿ ಮಹಿಳಾ ಸಂಸ್ಥೆಗಳು ಮಹಿಳೆಯರಿಗೆ ಹೊಂದುವ ಇಂತಹ ಸಾಧನಗಳ ಬಗ್ಗೆ ಕೆಲಸ ಮಾಡಿವೆ.

ಮಹಿಳಾ ಗುಂಪುಗಳಿಗೆ ತಕ್ಕ ಕೆಲಸ: ಚಾಪೆ ಸಸಿಮಡಿ

ನಾಟಿ ಯಂತ್ರಕ್ಕೆ ಸಾಮಾನ್ಯ ಮಡಿಯ ಸಸಿ ಹೊಂದುವುದಿಲ್ಲ. ಚಾಪೆಯಂತೆ ಸುರುಳಿ ಸುತ್ತಬಹುದಾದ ಸಸಿ ಬೇಕು. ಇದನ್ನು ಬೆಳೆಸಿ ಮಾರುವುದು ಕಡಿಮೆ ಬಂಡವಾಳದ ಉದ್ಯೋಗ. ನಾಟಿ ಮಾಡಿ ಅನುಭವವಿರುವ ಮಹಿಳೆಯರಿಗೆ ಸಸಿಯ ಗುಣಮಟ್ಟದ ಅರಿವು ಮೊದಲೇ ಇರುವುದರಿಂದ ಅವರಿಗೆ ಇದು ಸುಲಭ.

• ಜರಡಿ ಹಿಡಿದ ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಟ್ರೇಗಳಲ್ಲಿ ಅಥವಾ ಪಾಲಿಥೀನ್ ಹಾಳೆಯ ಮೇಲಿಟ್ಟ ಚೌಕಟ್ಟಿನಲ್ಲಿ ಸುಮಾರು 2 ಸೆಂ.ಮೀ. ದಪ್ಪಕ್ಕೆ ಹರಡಬೇಕು. ಕಲ್ಲುಗಳಿರಬಾರದು, ಅವು ಯಂತ್ರದ ಬೆರಳುಗಳನ್ನು ಹಾಳುಮಾಡುತ್ತವೆ.

• ಎಕರೆಗೆ ಸುಮಾರು 80 ರಿಂದ 100 ಟ್ರೇ ಸಸಿ ಬೇಕಾಗುತ್ತದೆ. ಬೀಜೋಪಚಾರ ಮಾಡಿ, ಮೊಳಕೆ ಬರಿಸಿದ ಬೀಜವನ್ನು ಒಂದೇ ಸಮನಾಗಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಬೇಕು. ಬೀಜ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಬಿದ್ದರೆ ಗದ್ದೆಯಲ್ಲಿ ಸಾಲು ಬಿಟ್ಟುಹೋಗುತ್ತದೆ.

• ಮೊದಲ ಕೆಲವು ದಿನ ಹೂಝರಿಯಿಂದ ನೀರು ಚಿಮುಕಿಸಬೇಕು. 15 ರಿಂದ 18 ದಿನಗಳಲ್ಲಿ ಸಸಿ 3 ರಿಂದ 4 ಎಲೆಗಳೊಂದಿಗೆ ನಾಟಿಗೆ ಸಿದ್ಧವಾಗುತ್ತದೆ.

• ಸಸಿಯ ವಯಸ್ಸು ಮೀರಿದರೆ ಯಂತ್ರಕ್ಕೆ ಹೊಂದುವುದಿಲ್ಲ. ಆದ್ದರಿಂದ ಯಂತ್ರ ಬರುವ ದಿನಾಂಕ ಮತ್ತು ಕಾಲುವೆಗೆ ನೀರು ಬಿಡುವ ದಿನಾಂಕವನ್ನು ಖಚಿತಪಡಿಸಿಕೊಂಡು, ರೈತರಿಂದ ಮುಂಗಡ ಪಡೆದು, ಹಂತ ಹಂತವಾಗಿ ಮಡಿ ಹಾಕಬೇಕು.

ಯಂತ್ರ ನಡೆಸುವುದೂ ಮಹಿಳೆಯರಿಗೆ ಅಸಾಧ್ಯವಲ್ಲ. ಕೇರಳ ಕೃಷಿ ವಿಶ್ವವಿದ್ಯಾನಿಲಯದ ಮಣ್ಣುತ್ತಿ ಕೃಷಿ ಸಂಶೋಧನಾ ಕೇಂದ್ರವು ತರಬೇತಿ ನೀಡಿ ರೂಪಿಸಿದ ಆಹಾರ ಭದ್ರತಾ ಸೇನೆಯಲ್ಲಿ ಮಹಿಳೆಯರೂ ನಾಟಿ ಯಂತ್ರ ನಡೆಸಿದ್ದಾರೆ. ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಅನುಮೋದಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಆಯ್ದ ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ವೆಚ್ಚದ ಶೇ. 80 ರಷ್ಟನ್ನು, ಗರಿಷ್ಠ 8 ಲಕ್ಷ ರೂಪಾಯಿಯವರೆಗೆ, ಸಹಾಯಧನವಾಗಿ ನೀಡಲು ಹಾಗೂ 15 ದಿನಗಳ ತರಬೇತಿಗೆ ಅವಕಾಶ ಕಲ್ಪಿಸಲಾಗಿತ್ತು. ತರಬೇತಿ ಮತ್ತು ಒಡೆತನ ಎರಡೂ ಒಟ್ಟಿಗೆ ದೊರೆತಾಗ ಮಾತ್ರ ಇಂತಹ ಕೆಲಸ ನಿಲ್ಲುತ್ತದೆ. ಯಂತ್ರ ಗುಂಪಿನ ಹೆಸರಿನಲ್ಲಿದ್ದು ಬೇರೆಯವರು ನಡೆಸಿದರೆ ಉದ್ದೇಶ ಈಡೇರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

1. ಹೊಸ ಯಂತ್ರದ ಪ್ರಾತ್ಯಕ್ಷಿಕೆಗೆ ಮೊದಲು ಆ ಊರಿನಲ್ಲಿ ಆ ಕೆಲಸ ಯಾರು ಮಾಡುತ್ತಾರೆ, ವರ್ಷಕ್ಕೆ ಎಷ್ಟು ದಿನ, ಅವರಲ್ಲಿ ಭೂರಹಿತರೆಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿರಿ. ಮೇಲಿನ ಊರಿನ ಲೆಕ್ಕವನ್ನು ಮಾದರಿಯಾಗಿ ಬಳಸಬಹುದು.

2. ಪ್ರಾತ್ಯಕ್ಷಿಕೆಗೆ ಜಮೀನಿನ ಮಾಲೀಕರನ್ನು ಮಾತ್ರವಲ್ಲದೆ ನಾಟಿ ಮತ್ತು ಕಳೆ ಕೆಲಸದ ತಂಡದ ಮಹಿಳೆಯರನ್ನೂ ಹೆಸರು ಹಿಡಿದು ಆಹ್ವಾನಿಸಿರಿ. ಯಂತ್ರವನ್ನು ಅವರ ಕೈಗೆ ಕೊಟ್ಟು ನಡೆಸಲು ಅವಕಾಶ ಮಾಡಿಕೊಡಿರಿ.

3. ತರಬೇತಿಯನ್ನು ಊರಿನಲ್ಲಿಯೇ, ಮನೆಗೆಲಸ ಮುಗಿದ ಮಧ್ಯಾಹ್ನದ ಹೊತ್ತಿನಲ್ಲಿ ಏರ್ಪಡಿಸಿರಿ. ಒಂದೇ ಊರಿನಿಂದ ಇಬ್ಬರು ಮೂವರನ್ನು ಒಟ್ಟಿಗೆ ಆಯ್ಕೆ ಮಾಡಿದರೆ ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ, ನಡುವೆ ಬಿಡುವುದು ಕಡಿಮೆಯಾಗುತ್ತದೆ. ಚಾಲನೆಯ ಜೊತೆಗೆ ಸಣ್ಣಪುಟ್ಟ ದುರಸ್ತಿಯನ್ನೂ ಕಲಿಸಿರಿ.

4. ನಮ್ಮ ರಾಜ್ಯದಲ್ಲಿ 2014-15 ರಿಂದ ನಡೆಯುತ್ತಿರುವ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳಲ್ಲಿ ಚಾಲಕರು, ಲೆಕ್ಕ ಬರೆಯುವವರು ಹಾಗೂ ಕೆಲಸ ನಿಗದಿಪಡಿಸುವವರ ಹುದ್ದೆಗಳಿಗೆ ತರಬೇತಿ ಪಡೆದ ಸ್ಥಳೀಯ ಮಹಿಳೆಯರ ಪಟ್ಟಿಯನ್ನು ಒದಗಿಸಿರಿ.

5. ಹೆಚ್ಚು ಓದದ, ವಯಸ್ಸಾದ ಕೂಲಿ ಮಹಿಳೆಯರನ್ನು ಮರೆಯಬೇಡಿರಿ. ಡ್ರೋನ್ ತರಬೇತಿ ಅವರಿಗೆ ಒದಗುವುದಿಲ್ಲ. ಸಸಿಮಡಿ, ಎರೆಗೊಬ್ಬರ, ಬೀಜ ಆಯ್ಕೆ ಮತ್ತು ವಿಂಗಡಣೆ, ಸಿರಿಧಾನ್ಯ ಸಂಸ್ಕರಣೆ, ಕೋಳಿ ಮತ್ತು ಆಡು ಸಾಕಾಣಿಕೆ ಮುಂತಾದ ಕೆಲಸಗಳನ್ನು ಅವರಿಗಾಗಿ ಯೋಜಿಸಿರಿ.

6. ವರ್ಷದ ಕೊನೆಯಲ್ಲಿ ಎಷ್ಟು ಯಂತ್ರ ವಿತರಿಸಲಾಯಿತು ಎಂಬುದರ ಜೊತೆಗೆ ಎಷ್ಟು ಮಹಿಳೆಯರು ಅವುಗಳನ್ನು ನಡೆಸುತ್ತಿದ್ದಾರೆ ಎಂಬುದನ್ನೂ ವರದಿಯಲ್ಲಿ ದಾಖಲಿಸಿರಿ.

ಮುಕ್ತಾಯ

ಯಾಂತ್ರೀಕರಣವನ್ನು ತಡೆಯುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಸಕಾಲದಲ್ಲಿ ನಾಟಿ ಮತ್ತು ಕೊಯ್ಲು ಮುಗಿಯದಿದ್ದರೆ ರೈತನಿಗೂ ನಷ್ಟ, ಅವನ ಹೊಲವನ್ನು ನಂಬಿದವರಿಗೂ ನಷ್ಟ. ಆದರೆ ಮಹಿಳೆಯರ ಕೂಲಿಯಿಂದ ಮಕ್ಕಳ ಶಾಲೆ, ಔಷಧಿ, ಸಂಘದ ಸಾಲದ ಕಂತು ನಡೆಯುವ ಮನೆಗಳು ಪ್ರತಿ ಊರಿನಲ್ಲಿವೆ. ಯಂತ್ರ ಬಂದ ಹಂಗಾಮಿನಲ್ಲಿ ಆ ಮನೆಗಳ ಆದಾಯ ಒಮ್ಮೆಗೇ ನಿಂತುಹೋಗದಂತೆ ನೋಡಿಕೊಳ್ಳುವುದು ಯಂತ್ರ ತರುವ ರೈತನ, ಅದನ್ನು ಶಿಫಾರಸು ಮಾಡುವ ವಿಸ್ತರಣಾ ಕಾರ್ಯಕರ್ತನ ಹಾಗೂ ಗ್ರಾಮದ ಸಂಘ ಸಂಸ್ಥೆಗಳ ಸಮಾನ ಹೊಣೆ. ಮುಂದಿನ ಹಂಗಾಮಿಗೆ ನಾಟಿ ಅಥವಾ ಕಟಾವು ಯಂತ್ರ ತರುವ ಯೋಚನೆ ನಿಮಗಿದ್ದರೆ, ಕನಿಷ್ಠ ಎರಡು ಮೂರು ತಿಂಗಳು ಮೊದಲೇ ನಿಮ್ಮ ಊರಿನ ಮಹಿಳಾ ಸ್ವಸಹಾಯ ಗುಂಪಿನೊಂದಿಗೆ ಮಾತುಕತೆ ನಡೆಸಿರಿ. ಯಂತ್ರ ಚಾಲನೆ ಮತ್ತು ಚಾಪೆ ಸಸಿಮಡಿಯ ತರಬೇತಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೂ, ಸಹಾಯಧನದ ವಿವರಗಳಿಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ ಸಂಪರ್ಕಿಸಿರಿ.